ವಾಷಿಂಗ್ಟನ್ನಿಗೆ ಹೋದ ಖಾರದ ಬೇರು

ನಮ್ಮೂರಲ್ಲಿ ಬೇರು ತುರಿಯುವವರು ಮೊದಲು ಕಿಟಕಿ ತೆರೆಯುತ್ತಾರೆ, ಆಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಹಾರ್ಸ್‌ರ್ಯಾಡಿಷ್ ಎಂಬ, ಮಾಂಸಕ್ಕೆ ನಂಜಿಕೊಳ್ಳುವ ಈ ಬೇರಿನ ಖಾರ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ನೇರ ಮೂಗಿಗೆ, ಅಲ್ಲಿಂದ ಕಣ್ಣಿಗೆ. ಮಿಸಿಸಿಪ್ಪಿ ಹೊಳೆಯ ತಗ್ಗಿನ ಕಪ್ಪು ಮಣ್ಣಿಗೂ ಅದಕ್ಕೂ ಹಳೆಯ ಸಲಿಗೆ. ನನ್ನ ಸೋದರತ್ತೆ ವಿಲ್ಮಾ ಡಿಟ್‌ಮಾರ್ ಅದನ್ನು ತುರಿದು, ವಿನಿಗರ್ ಬೆರೆಸಿ, ಶೀಶೆಗೆ ತುಂಬಿ ಮಾರುತ್ತಿದ್ದಳು. ಮನೆಯ ಹಿಂದಿನ ಶೆಡ್ಡೇ ಅವಳ ಬದುಕು.

1975ರ ವಸಂತದಲ್ಲಿ ಸರ್ಕಾರದ ಪ್ರಕಟಣೆ ಬಂತು. ಪರದೇಶಗಳೊಡನೆ ವ್ಯಾಪಾರದ ಮಾತುಕತೆಯಂತೆ. ಆಮದು ಸುಂಕ ಇಳಿಸಬಹುದಾದ ಸರಕುಗಳಲ್ಲಿ ನಮ್ಮ ಬೇರೂ ಇತ್ತು. ಸುಂಕ ಇಳಿದರೆ ಅಗ್ಗದ ಶೀಶೆಗಳು ಹಡಗು ಹತ್ತಿ ಬರುತ್ತವೆ, ಶೆಡ್ಡಿಗೆ ಬೀಗ ಬೀಳುತ್ತದೆ.

ಬೆಳೆಗಾರರ ಸಂಘದ ವಕೀಲ ಹ್ಯಾರಿಗನ್ ಮನೆಗೆ ಬಂದ. "ಹೆದರ್ಬೇಡಿ ಡಿಟ್‌ಮಾರಮ್ಮ. ಹೊರಗಿನೋರಿಗೆ ಮಾತು ಕೊಡೋಕ್ ಮುಂಚೆ ಸರ್ಕಾರ ನಿಮ್ಮನ್ನ ಕರೆದು ಕೇಳ್ಲೇಬೇಕು. ಕಾನೂನಿದೆ."

"ಕೇಳಿ ಏನ್ ಮಾಡ್ತಾರೆ?"

"ಕೇಳ್ತಾರೆ, ಅಷ್ಟೆ. ನಿಮ್ಮ ಮಾತು ಕೇಳ್ಬೇಕು ಅಂತೇನಿಲ್ಲ."

"ನಮ್ಮ ಯಜಮಾನ್ರ ಥರ ಅನ್ನಿ."

ಪೇಪರಿನ ಹಿಂದಿನಿಂದ ಮಾವ ಕೇಳಿದ: "ಏನಂದೆ?"

ವಾಷಿಂಗ್ಟನ್ನಿಗೆ ಅತ್ತೆಯ ಜೊತೆ ನಾನು ಹೋದೆ. ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ಅದರಾಚೆ ನಾಲ್ವರು ಅಧಿಕಾರಿಗಳು, ಮುಚ್ಚಿದ ಕಿಟಕಿಗಳು. ಅತ್ತೆ ಶೆಡ್ಡಿನ ಕಥೆ ಹೇಳುತ್ತಿದ್ದಾಗ ಒಬ್ಬ ಆಕಳಿಸಿದ, ಇನ್ನೊಬ್ಬ ಪೆನ್ಸಿಲ್ ಹೆರೆದ. ಕೊನೆಗೆ ವಿಚಾರಣೆಯ ಅಧ್ಯಕ್ಷರು ಸೌಜನ್ಯಕ್ಕೆ ಕೇಳಿದರು: "ಹೊರಗಿನದಕ್ಕೂ ನಿಮ್ಮದಕ್ಕೂ ಅಂಥಾ ವ್ಯತ್ಯಾಸ ಏನಮ್ಮ?"

ಅತ್ತೆ ಕೈಚೀಲದಿಂದ ಶೀಶೆ ತೆಗೆದಳು. "ಒಂದು ಕಿಟಕಿ ತೆಗೆಸ್ತೀರಾ ಸಾರ್?"

"ಬೇಡಮ್ಮ, ಹೊರಗೆ ಗದ್ದಲ."

"ನಿಮ್ಮಿಷ್ಟ. ಹತ್ರ ಹಿಡ್ಕೊಂಡು ಜೋರಾಗಿ ಮೂಸಿ."

ಮುಚ್ಚಳ ತೆಗೆದ ಶೀಶೆ ಕೈಯಿಂದ ಕೈಗೆ ಹೋಯಿತು. ಅಧ್ಯಕ್ಷರ ಕನ್ನಡಕ ಮೇಜಿಗಿಳಿಯಿತು. ಆಕಳಿಸಿದವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನಾಲ್ವರ ಕೆನ್ನೆಯ ಮೇಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ಅತ್ತೆ ಶೀಶೆಯನ್ನು ಮರಳಿ ಚೀಲಕ್ಕೆ ಹಾಕಿಕೊಂಡು, ಕೈಕಟ್ಟಿ, ಅತ್ಯಂತ ದೀನಳಾಗಿ ನಿಂತಳು.

ತಡವಾಗಿ ಬಂದ ಪತ್ರಕರ್ತನೊಬ್ಬ ಬಾಗಿಲು ತೆರೆದದ್ದು ಆಗಲೇ.

ಮರುದಿನ ಪೇಪರಿನಲ್ಲಿ ದಪ್ಪಕ್ಷರ: 'ಬಡ ಹೆಂಗಸಿನ ಅಳಲಿಗೆ ಕರಗಿದ ಅಧಿಕಾರಿಗಳು.' ಅವರಾದರೂ ಏನೆಂದು ಅಲ್ಲಗಳೆದಾರು? ಅತ್ತದ್ದು ಅವಳ ಮಾತಿಗಲ್ಲ ಎನ್ನಬೇಕಾಗುತ್ತಿತ್ತು. ಊರೂರಿಂದ ಅತ್ತೆಯ ಪರವಾಗಿ ಪತ್ರಗಳು ಹೋದವು. ಶರತ್ಕಾಲದಲ್ಲಿ ಸರ್ಕಾರ ಹೊರದೇಶಗಳ ಮುಂದಿಟ್ಟ, ಸುಂಕ ಇಳಿಸುವ ಸರಕುಗಳ ಪಟ್ಟಿಯಲ್ಲಿ ನಮ್ಮ ಬೇರು ಇರಲಿಲ್ಲ.

ಚರ್ಚಿನ ಊಟದ ದಿನ ಪಾದ್ರಿ ಅತ್ತೆಯ ಪಕ್ಕ ಕೂತರು. "ಅಷ್ಟು ಮನಸ್ಸಿಗೆ ತಟ್ಟೋ ಹಾಗೆ ಏನ್ ಹೇಳಿದ್ರಿ ವಿಲ್ಮಮ್ಮ? ನನ್ನ ಪ್ರವಚನಕ್ಕೆ ಒಬ್ರೂ ಅಳಲ್ಲ."

"ಮನಸ್ಸಿನ ವಿಷ್ಯ ನನಗ್ಗೊತ್ತಿಲ್ಲ ಪಾದ್ರಿಗಳೇ. ತೋರಿಸ್ಲಾ?"

ಮಾಂಸದ ತಟ್ಟೆಯ ಪಕ್ಕದ ಶೀಶೆಗೆ ಕೈಹಾಕಿ, ಮುಚ್ಚಳ ತಿರುಗಿಸುವ ಮುನ್ನ ಅತ್ತೆ ನನ್ನತ್ತ ನೋಡಿದಳು. ನಾನೆದ್ದು ಕಿಟಕಿ ತೆರೆದೆ.