ಹೆಬ್ಬೆಟ್ಟು ಅಳಿಸಿಕೊಂಡ ಅಕ್ಕೋರು

ಮೂಡಲಗಿಯ ಸಾಲೆಯಲ್ಲಿ ಇಪ್ಪತ್ತೆಂಟು ವರ್ಷ ನಾನು ಕಲಿಸಿದ್ದು ಕನ್ನಡ. ಮಕ್ಕಳಿಗೆ ನೆನಪುಳಿದದ್ದು ಮಾತ್ರ ಸೋಮವಾರದ ಉಗುರು ತಪಾಸಣೆ. ಪ್ರಾರ್ಥನೆ ಮುಗಿದೊಡನೆ ಎಲ್ಲರೂ ಕೈ ಚಾಚಿ ನಿಲ್ಲಬೇಕು, ನಾನು ಫೂಟಪಟ್ಟಿ ಹಿಡಿದು ಸಾಲಿನುದ್ದಕ್ಕೂ ನಡೆಯಬೇಕು. ಉಗುರಿನೊಳಗೆ ಕರಿ ಗೆರೆ ಕಂಡರೆ ಗೆಣ್ಣಿನ ಮೇಲೊಂದು ಏಟು. ಹೊಲದಿಂದ ನೆಟ್ಟಗೆ ಸಾಲೆಗೆ ಬರುತ್ತಿದ್ದ ಮಕ್ಕಳು ಅವು. ಆ ಕೊಳೆಯಿಂದಲೇ ನಾನು ದಿನಾ ರೊಟ್ಟಿ ತಿನ್ನುತ್ತಿದ್ದೇನೆ ಎಂಬ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ.

ನಿವೃತ್ತಳಾದ ಮೇಲೆ ಗೋಕಾಕದ ಮನೆಯ ಹಿತ್ತಲಲ್ಲಿ ತೋಟ ಮಾಡಿದೆ. ಬದನೆ, ಮೆಣಸು, ಪುಂಡಿಪಲ್ಯ, ಮೂಲೆಯಲ್ಲಿ ಎರಡು ಬಾಳೆ. ಮಣ್ಣು ಎರೆಮಣ್ಣು. ಎರೆಮಣ್ಣೆಂದರೆ ಬೀಗರಿದ್ದ ಹಾಗೆ, ಒಮ್ಮೆ ಬಂದು ಕೂತರೆ ಏಳು ಅನ್ನುವ ಹಾಗಿಲ್ಲ. ಅದರ ಮೇಲೆ ಬಾಳೆಯ ಸೊನೆ ಬಿತ್ತೆಂದರೆ ಕೈ ನನ್ನದೋ ಗ್ಯಾರೇಜಿನವನದೋ ಗೊತ್ತಾಗುತ್ತಿರಲಿಲ್ಲ.

ಮೊದಲ ವಾರವೇ ನನ್ನ ಉಗುರು ನೋಡಿ ನನಗೇ ಅಸಹ್ಯವಾಯಿತು. ಅಂದಿನಿಂದ ತೋಟದ ಕೆಲಸ ಮುಗಿದ ಕೂಡಲೇ ನಲ್ಲಿಯ ಕೆಳಗೆ ಇನ್ನೊಂದು ಕೆಲಸ ಶುರು. ಮೊದಲು ಬಟ್ಟೆ ಸೋಪು ಮತ್ತು ತೆಂಗಿನ ನಾರು, ಆಮೇಲೆ ಪಾತ್ರೆ ತಿಕ್ಕುವ ಪುಡಿ, ಅದೂ ಸಾಲದೆ ಹಿಮ್ಮಡಿ ಉಜ್ಜುವ ಕಲ್ಲು. ಉಗುರಿನ ಸಂದಿಗೆ ಕಸಬರಿಗೆಯ ಕಡ್ಡಿ. ಹುಕ್ಕೇರಿಯ ತಂಗಿ ಗುಲಾಬಿ ವಾಸನೆಯ ಕ್ರೀಮು, ರಬ್ಬರಿನ ಕೈಗವಸು ಕಳಿಸಿದಳು. ಕ್ರೀಮು ಹಚ್ಚಿದರೆ ಇರುವೆ ಹುಡುಕಿಕೊಂಡು ಬಂದವು. ಕೈಗವಸಿನಲ್ಲಿ ಬೆವರು ಸುರಿಯಿತು, ಅದನ್ನು ಬದನೆಸಾಲಿನ ಬೆದರುಬೊಂಬೆಗೆ ತೊಡಿಸಿದೆ. ಅದಕ್ಕೆ ಚೆನ್ನಾಗಿಯೇ ಒಪ್ಪಿತು.

ನಮ್ಮ ಮನೆಯವರು ಕಟ್ಟೆಯ ಮೇಲೆ ಪೇಪರು ಓದುತ್ತ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಕೇಳಿಯೇ ಬಿಟ್ಟರು: "ಅಲ್ಲಾ, ಕೈ ತೊಳಿಯಾಕತ್ತೀಯೋ, ಕಲಾಯಿ ಮಾಡಾಕತ್ತೀಯೋ?"

ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆಂದು ಸರಕಾರಕ್ಕೆ ತೋರಿಸಬೇಕು, ಇಲ್ಲವಾದರೆ ಪೆನ್ಶನ್ ನಿಲ್ಲುತ್ತದೆ. ಪೇಟೆಯಲ್ಲಿ ಆಧಾರ್ ಕೆಲಸ ಮಾಡಿಕೊಡುವ ಸಣ್ಣ ಅಂಗಡಿಯೊಂದಿದೆ. ಅಲ್ಲಿ ಹೋಗಿ ಕುಳಿತರೆ, ಕಂಪ್ಯೂಟರಿನ ಹಿಂದಿದ್ದ ಹೆಣ್ಣುಮಗಳು ಎದ್ದು ನಿಂತು ನಮಸ್ಕಾರ ಮಾಡಿದಳು. ಮೂಡಲಗಿಯ ನನ್ನ ವಿದ್ಯಾರ್ಥಿನಿ. ಈಗ ಎರಡು ಮಕ್ಕಳ ತಾಯಿ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಎರಡು ನಿಮಿಷ ಬಾಳಿತು.

ಹೆಬ್ಬೆಟ್ಟು ಇಟ್ಟೆ. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟೆ. ಮತ್ತೆ ಕೆಂಪು. ಎಡಗೈ, ಬಲಗೈ, ತೋರುಬೆರಳು, ನಡುಬೆರಳು, ಯಾವುದೂ ಅದಕ್ಕೆ ಒಪ್ಪಿಗೆಯಾಗಲಿಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ತಲೆಗೊಂದು ಸಲಹೆ ಕೊಟ್ಟರು. ತಲೆಗೂದಲಿಗೆ ಒರೆಸಿಕೊಳ್ಳಿ ಎಂದರು ಒಬ್ಬರು, ಬಾಯಿಂದ ಊದಿ ಎಂದರು ಇನ್ನೊಬ್ಬರು, ಉಗುಳು ಹಚ್ಚಿ ಎಂದರು ಮತ್ತೊಬ್ಬರು. ಮಾನ ಬಿಟ್ಟು ಮೂರನ್ನೂ ಮಾಡಿದೆ. ನಾನು ಕುರ್ಚಿಯ ಮೇಲೆ ಕೂತು ಕೆಮ್ಮುತ್ತಿದ್ದೇನೆ, ಮಾತಾಡುತ್ತಿದ್ದೇನೆ, ಯಂತ್ರ ಮಾತ್ರ ಈಕೆ ಯಾರೋ ತನಗೆ ಗೊತ್ತಿಲ್ಲ ಎನ್ನುತ್ತಿದೆ.

ಕೊನೆಗೆ ಆ ಹೆಣ್ಣುಮಗಳು, "ಅಕ್ಕೋರ, ಕೈ ತೋರಸ್ರಿ," ಎಂದಳು.

ಚಾಚಿದೆ. ಅಂಗೈ ತಿರುವಿ, ಬೆರಳು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಇವಳ ಗೆಣ್ಣಿಗೆ ನಾನು ಎಷ್ಟು ಸಲ ಹೊಡೆದಿದ್ದೆನೋ ಲೆಕ್ಕವಿರಲಿಲ್ಲ, ಮೇಜಿನ ಮೇಲೆ ಫೂಟಪಟ್ಟಿಯೂ ಇತ್ತು. ಆದರೆ ಅವಳು ಮೆಲ್ಲಗೆ ನನ್ನ ಬೆರಳು ಮಡಚಿ, "ಉಗುರೇನ ಸ್ವಚ್ಛ ಅದಾವ್ರಿ. ಆದ್ರ ಬೆರಳಾಗ ಗೆರೀನ ಉಳದಿಲ್ಲ," ಎಂದಳು. ಅದು ಏಟಿಗಿಂತ ಜೋರಾಗಿ ಬಿತ್ತು.

ನನ್ನ ನಂತರದ ಸರದಿ ಕೌಜಲಗಿಯ ಕುರುಬ ಅಜ್ಜನೊಬ್ಬನದು. ಹೆಗಲ ಮೇಲೆ ಕಂಬಳಿ, ವಯಸ್ಸು ಎಪ್ಪತ್ತರ ಮೇಲೆ. ಜೀವನವಿಡೀ ಬಿಸಿಲಲ್ಲಿ ಕುರಿ ಕಾಯ್ದವನು, ಇವನ ಹೆಬ್ಬೆಟ್ಟು ಬಂದ ಹಾಗೇ ಎಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ಅಜ್ಜ ಹೆಬ್ಬೆಟ್ಟು ಇಟ್ಟ, ಹಸಿರು ದೀಪ ಹತ್ತಿತು. ನನಗೆ ಹೊಟ್ಟೆ ಉರಿಯಿತು. ಅವನ ಕೈ ಮುಟ್ಟಿ ನೋಡಬೇಕೆನಿಸಿ ಕೇಳಿಯೂ ಬಿಟ್ಟೆ. ಕೊಟ್ಟ. ಹಪ್ಪಳದ ಹಿಟ್ಟಿನಷ್ಟು ಮೆತ್ತಗಿತ್ತು.

ಏನು ಹಚ್ಚುತ್ತೀರಿ ಎಂದು ವಿಚಾರಿಸಿದೆ. ಕುರಿಯ ಉಣ್ಣೆ ಕತ್ತರಿಸುವಾಗ ಅದರ ಜಿಡ್ಡು ತಾನೇ ಕೈಗೆ ಹತ್ತುತ್ತದೆ, ಬೇರೇನೂ ಇಲ್ಲ ಎಂದ. ನಂತರ ನಾನೇನು ಹಚ್ಚುತ್ತೇನೆಂದು ಅವನು ಕೇಳಿದ. ಪಾತ್ರೆ ಪುಡಿ, ಕಲ್ಲು, ಕಡ್ಡಿ, ಎಲ್ಲ ಹೇಳಿದೆ. ಅಜ್ಜ ನನ್ನ ಬೆರಳ ತುದಿಯನ್ನು ತನ್ನ ಹೆಬ್ಬೆಟ್ಟಿನಿಂದ ಸವರಿ ನೋಡಿದ.

"ಮಣ್ಣ ಯಾರ ಕೈನೂ ತಿನ್ನೂದಿಲ್ಲ ಯವ್ವಾ," ಎಂದ. "ನೀ ತಿಕ್ಕಿ ತಿಕ್ಕಿ ತಿಂದೀ."

ಎಂಟು ದಿನ ಬಿಟ್ಟು ಬರಲು ನನ್ನ ವಿದ್ಯಾರ್ಥಿನಿ ಹೇಳಿದ್ದಳು. ಮಾರನೆಯ ದಿನವೇ ಆ ಜಿಡ್ಡು ಹುಡುಕಿಕೊಂಡು ಬಸ್ಸು ಹತ್ತಿ ಕೌಜಲಗಿಗೆ ಹೋದೆ. ಅಜ್ಜನ ಕುರಿಗಳು ಊರ ಹೊರಗಿನ ಹೊಲದಲ್ಲಿದ್ದವು, ಕತ್ತರಿಸುವ ಕೆಲಸ ನಡೆದಿತ್ತು. ನನಗೆ ಕತ್ತರಿ ಕೊಡಲಿಲ್ಲ. ಕುರಿ ಹಿಡಿದುಕೊಂಡು ಕೂಡು ಎಂದರು. ಜಿಡ್ಡಿನ ಉಣ್ಣೆಯಲ್ಲಿ ಎರಡೂ ಕೈ ಹುದುಗಿಸಿ ಮಧ್ಯಾಹ್ನದ ತನಕ ಕೂತೆ. ಒಂದು ಟಗರು ನನ್ನ ಸೆರಗಿನ ತುದಿ ತಿಂದು ಹಾಕಿತು, ಇನ್ನೊಂದು ಮಡಿಲಲ್ಲೇ ತನ್ನ ಕೆಲಸ ಮುಗಿಸಿತು. ಅಜ್ಜನ ಸೊಸೆ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕೊಟ್ಟಳು. ಕೈ ತೊಳೆಯಲು ನೀರು ಕೇಳಿದ್ದಕ್ಕೆ, ತೊಳೆದರೆ ಬಂದದ್ದು ವ್ಯರ್ಥ, ಬರೀ ಒರೆಸಿಕೊಳ್ಳಿ ಎಂದು ನಕ್ಕಳು. ಇಪ್ಪತ್ತೆಂಟು ವರ್ಷದ ಉಪದೇಶವನ್ನೆಲ್ಲ ಸೆರಗಿಗೆ ಒರೆಸಿ ಹಾಗೇ ಉಂಡೆ. ರುಚಿಯಾಗಿತ್ತು.

ಬರುವಾಗ ಒಂದು ಹಿಡಿ ಹಸಿ ಉಣ್ಣೆ ಕಟ್ಟಿಕೊಟ್ಟರು. ಬಸ್ಸಿನಲ್ಲಿ ನನ್ನ ಬಾಜೂ ಸೀಟು ಗೋಕಾಕದವರೆಗೂ ಖಾಲಿ ಉಳಿಯಿತು. ನಮ್ಮ ಮನೆಯವರು ಮೂಗು ಮುಚ್ಚಿ ಬಾಗಿಲು ತೆಗೆದರು, ಎಂಟು ದಿನವೂ ಹೊರಗಿನ ಕಾಟಿನ ಮೇಲೆ ಮಲಗಿದರು. ನಾನು ಹಿತ್ತಲಿಗೆ ಕಾಲಿಡಲಿಲ್ಲ. ದಿನಾ ಉಣ್ಣೆ ಹಿಸುಕುತ್ತ ಕಟ್ಟೆಯ ಮೇಲೆ ಕೂತು ನೀರು ಹಾಕುವ ಕೆಲಸ ಅವರಿಗೆ ಹೇಳಿದೆ. ಮೊದಲ ಸಲ ಅವರ ಉಗುರಲ್ಲಿ ಎರೆಮಣ್ಣು ಕಂಡೆ.

ಒಂಬತ್ತನೆಯ ದಿನ ಅಂಗಡಿಗೆ ಹೋದೆ. ಹೆಬ್ಬೆಟ್ಟು ಬರಲಿಲ್ಲ. ತೋರುಬೆರಳು ಬರಲಿಲ್ಲ. ನನ್ನ ವಿದ್ಯಾರ್ಥಿನಿ ಸಮಾಧಾನದಿಂದ ಒಂದೊಂದೇ ಬೆರಳು ಹಿಡಿದು ಒತ್ತಿದಳು. ಎಡಗೈಯ ಉಂಗುರ ಬೆರಳಿಗೆ ಹಸಿರು ಹತ್ತಿತು. ಸರಕಾರದ ಪಾಲಿಗೆ ನಾನು ಈಗ ಅಷ್ಟು ಮಾತ್ರ ಬದುಕಿದ್ದೇನೆ.

ಹುಕ್ಕೇರಿಯ ತಂಗಿ ಉಣ್ಣೆಯ ಮಾತು ನಂಬಲಿಲ್ಲ. ಎಂಟು ದಿನ ಕಲ್ಲು ಮುಟ್ಟದೆ ಇದ್ದೆಯಲ್ಲ, ಅದರಿಂದಲೇ ಗೆರೆ ತಿರುಗಿ ಬಂತು ಎಂದು ಫೋನಿನಲ್ಲಿ ವಾದ ಮಾಡಿದಳು. ಇರಬಹುದು. ನಾನೇನೂ ಕುರಿ ಕೊಂಡಿಲ್ಲ. ಈಗ ಮಣ್ಣಿಗೆ ಇಳಿಯುವ ಮುಂಚೆ ಸೋಪಿನ ಬಿಲ್ಲೆಯನ್ನು ಉಗುರಿನಿಂದ ಕೆರೆದುಕೊಳ್ಳುತ್ತೇನೆ. ಸಂದಿಯಲ್ಲಿ ಸೋಪು ತುಂಬಿದರೆ ಮಣ್ಣಿಗೆ ಜಾಗವಿರುವುದಿಲ್ಲ. ಕೈಗೆ ಕುಸುಬಿ ಎಣ್ಣೆ ಸವರಿಕೊಂಡರೆ ಬಾಳೆಯ ಸೊನೆಯೂ ಅಷ್ಟು ಹತ್ತುವುದಿಲ್ಲ. ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಮತ್ತೆ ಎರಡು ಹನಿ ಎಣ್ಣೆ. ಆಮೇಲೂ ಉಳಿಯುವ ಕರಿ ಗೆರೆಯನ್ನು ಹಾಗೇ ಬಿಡುತ್ತೇನೆ. ಹೋದ ತಿಂಗಳು ಸಂಕೇಶ್ವರದ ಮದುವೆಯೊಂದರಲ್ಲಿ ಆ ಕೈಯಿಂದಲೇ ಅಕ್ಷತೆ ಹಾಕಿ ಬಂದೆ. ಯಾರೂ ಹೊಡೆಯಲಿಲ್ಲ.