ಮೂರು ಗೇಣಿನ ಗುಂಡಿ

ಆ ದಿನ ಬೆಳಿಗ್ಗೆ ಸರೋಜಾ ಗುಂಡಿ ತಪ್ಪು ತೋಡಿದ್ದಳು.

ನೂರು ಮೀಟರ್ ಓಡುವವರಿಗೆ ಇದು ಸಣ್ಣ ತಪ್ಪಲ್ಲ. ದೊಡ್ಡ ಊರುಗಳ ಓಟಗಾರರು ಕಾಲೂರಿ ಚಿಮ್ಮಲು ಸ್ಟಾರ್ಟಿಂಗ್ ಬ್ಲಾಕ್ ಇಟ್ಟುಕೊಳ್ಳುತ್ತಾರೆ. ಮಾನ್ವಿಯ ನಮ್ಮ ಹೈಸ್ಕೂಲಿನಲ್ಲಿ ಅಂಥದ್ದು ಎಲ್ಲಿಂದ ಬರಬೇಕು? ಓಡುವ ಹುಡುಗಿ ಕಳೆ ತೆಗೆಯುವ ಕುರ್ಪಿ ಹಿಡಿದು ಗೆರೆಯ ಹಿಂದೆ ತನ್ನ ಎರಡು ಗುಂಡಿ ತಾನೇ ತೋಡಬೇಕು, ಓಟ ಮುಗಿದ ಮೇಲೆ ತಾನೇ ಮುಚ್ಚಬೇಕು. ಗೆರೆಯಿಂದ ಎರಡು ಗೇಣಿಗೆ ಮುಂದಿನ ಕಾಲಿನ ಗುಂಡಿ, ಅಲ್ಲಿಂದ ಇನ್ನೆರಡು ಗೇಣಿಗೆ ಹಿಂದಿನ ಕಾಲಿನದು. ನಾನು ಆ ಶಾಲೆಯ ದೈಹಿಕ ಶಿಕ್ಷಕ. ಅಳತೆ ನನ್ನದೇ. ಸರೋಜಾ ನನ್ನ ಮಗಳು, ಆಗ ಹತ್ತನೇ ತರಗತಿ. ಮೂರು ವರ್ಷದಲ್ಲಿ ಒಮ್ಮೆಯೂ ಅವಳು ಅಳತೆ ತಪ್ಪಿದವಳಲ್ಲ.

ಆ ದಿನ ಮುಂದಿನ ಗುಂಡಿ ಮೂರು ಗೇಣಿಗಿತ್ತು.

“ಏನಿದು? ನಿದ್ದಿ ಇನ್ನಾ ಬಿಟ್ಟಿಲ್ಲೇನು?” ಎಂದೆ.

“ಇವತ್ತ ಹಿಂಗ ಓಡ್ತೀನಿ ಬಿಡಪ್ಪಾ.”

“ಓಹೋ, ನೀ ನನಗ ಕಲಸಾಕ ಬಂದಿ!”

ಅವಳ ಗುಂಡಿಗೆ ಕಾಲಿನಿಂದಲೇ ಮಣ್ಣು ತಳ್ಳಿದೆ. ಕುರ್ಪಿ ಕಸಿದುಕೊಂಡು ಎರಡು ಗೇಣಿಗೆ ಹೊಸದಾಗಿ ತೋಡಿಕೊಟ್ಟೆ. ಅವಳು ಮೊಣಕಾಲು ಮಡಚಿ ಕೂಡುವಾಗ ಕೆಳದುಟಿ ಕಚ್ಚಿಕೊಂಡಳು. ನಾನದನ್ನು ನೋಡಿದೆ. ಹಟ ಎಂದುಕೊಂಡೆ.

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಸಂಗತಿ. ರಾಯಚೂರಿನ ಜಿಲ್ಲಾ ಕ್ರೀಡಾಕೂಟಕ್ಕೆ ಒಂದು ತಿಂಗಳು ಉಳಿದಿತ್ತು. ಸರೋಜಾ ಹದಿಮೂರು ಪಾಯಿಂಟ್ ನಾಲ್ಕು ಸೆಕೆಂಡಿಗೆ ಬಂದು ನಿಂತಿದ್ದಳು. ಹುಡುಗಿಯರ ಜಿಲ್ಲಾ ದಾಖಲೆ ಅದಕ್ಕಿಂತ ಎರಡೇ ಪಾಯಿಂಟ್ ಕಡಿಮೆ. ಸೆಕೆಂಡಿನ ಹತ್ತು ಭಾಗದಲ್ಲಿ ಎರಡು ಭಾಗ ಅಂದರೆ ಎಷ್ಟು? ರೆಪ್ಪೆ ಬಡಿಯುವಷ್ಟು. ಆ ರೆಪ್ಪೆ ಬಡಿತಕ್ಕಾಗಿ ಸ್ಟಾಪ್‌ವಾಚನ್ನು ಕೊರಳಿಗೆ ಕಟ್ಟಿಕೊಂಡೇ ನಾನು ಉಣ್ಣುತ್ತಿದ್ದೆ, ಅದನ್ನು ಕಟ್ಟಿಕೊಂಡೇ ಸಂತೆಗೆ ಹೋಗುತ್ತಿದ್ದೆ. ಜನ ನಗುತ್ತಿದ್ದರು. ನಗಲಿ ಎನ್ನುತ್ತಿದ್ದೆ.

ಅವತ್ತು ಮನೆಗೆ ಬಂದಾಗ ಅವಳ ಬಲ ಮೊಣಕಾಲು ಬಾತಿತ್ತು. ಮುಟ್ಟಿದರೆ ಬಿಸಿ. ಹರಳೆಣ್ಣೆ ಕಾಯಿಸಿ ತಿಕ್ಕಿದೆ, ಉಪ್ಪಿನ ಗಂಟಿನಿಂದ ಶಾಖ ಕೊಟ್ಟೆ. ಮೂರನೇ ದಿನಕ್ಕೆ ಬಾವು ಇಳಿಯಿತು. “ನೋಡಿದಿ? ಮಾಸ್ತರನ ಕೈ ಅಂದ್ರ ಹೆಂಗದ!” ಎಂದು ಹೆಂಡತಿ ಗೌರಮ್ಮನ ಮುಂದೆ ಬಡಾಯಿ ಕೊಚ್ಚಿಕೊಂಡೆ. ಮಾರನೆಯ ದಿನ ಎಡ ಹಿಮ್ಮಡಿಯ ಗಂಟು ಬಾತಿತು. ಅದನ್ನೂ ತಿಕ್ಕಿದೆ. ಅದೂ ಇಳಿಯಿತು. ಆಮೇಲೆ ಮಣಿಕಟ್ಟು. ಓಟ ಶುರು ಮಾಡುವಾಗ ಕೈ ಮೇಲೆ ಭಾರ ಬೀಳುತ್ತದೆ, ಅದಕ್ಕೇ ಎಂದು ವಿವರಣೆ ಕೊಟ್ಟೆ. ಒಂದೊಂದು ನೋವಿಗೂ ನನ್ನ ಹತ್ತಿರ ಒಂದೊಂದು ಉತ್ತರವಿತ್ತು. ಈಗ ನೆನೆದರೆ ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

“ಎರಡು ವಾರದ ಹಿಂದ ಗಂಟಲಬ್ಯಾನಿ, ಜ್ವರ. ಈಗ ಇದು. ದವಾಖಾನಿಗೆ ತೋರಸೋಣ ಬರ್ರಿ,” ಎಂದು ಗೌರಮ್ಮ ಎರಡು ಸಲ ಹೇಳಿದಳು.

“ಓಡೋ ಮಂದಿಗೆ ಮೈ ನೋಯದ ಇರ್ತದೇನು?” ಎಂದೆ ನಾನು.

ಅಷ್ಟರಲ್ಲಿ ವಾಚಿನ ಮುಳ್ಳು ಮುಂದಕ್ಕೆ ಸರಿಯತೊಡಗಿತ್ತು. ಹದಿಮೂರು ಪಾಯಿಂಟ್ ಒಂಬತ್ತು. ಹದಿನಾಲ್ಕು ಪಾಯಿಂಟ್ ಮೂರು. ನಾನು ವಾಚನ್ನು ಕಿವಿಗೆ ಹಿಡಿದು ನೋಡಿದೆ, ಕೆಟ್ಟಿದೆಯೇನೋ ಎಂದು. ಮಗಳನ್ನು ಅನುಮಾನಿಸಿದೆ, ವಾಚನ್ನು ಅನುಮಾನಿಸಿದೆ. ನನ್ನನ್ನು ಅನುಮಾನಿಸಲು ಹೊಳೆಯಲೇ ಇಲ್ಲ.

ಒಂದು ಸಂಜೆ ಅರವತ್ತು ಮೀಟರ್ ದಾಟಿದವಳು ಓಟ ನಿಲ್ಲಿಸಿ ಗೆರೆಯ ನಡುವೆ ಕೂತುಬಿಟ್ಟಳು. ಬೈಯಲೆಂದೇ ಹೋದೆ. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ತುಟಿ ಬೆಳ್ಳಗೆ.

“ಅಪ್ಪಾ, ನಾ ನಿಂತೀನಿ. ನನ್ನ ಎದಿ ಇನ್ನಾ ಓಡಾಕತ್ತದ.”

ಮಣಿಕಟ್ಟು ಹಿಡಿದೆ. ಓಡಿ ಬಂದ ಮಕ್ಕಳ ನಾಡಿ ಎಷ್ಟು ಹಿಡಿದಿಲ್ಲ ನಾನು! ಎರಡು ನಿಮಿಷಕ್ಕೆ ಇಳಿಯುತ್ತದೆ, ಹೆಚ್ಚೆಂದರೆ ಐದು. ಇದು ಹತ್ತು ನಿಮಿಷವಾದರೂ ಇಳಿಯಲಿಲ್ಲ. ಕಾಲು ಗಂಟೆಯಾದರೂ ಇಳಿಯಲಿಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋದೆವು. ಡಾಕ್ಟರು ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಡಕ್ಕೆ ಮಲಗಿಸಿ ಮತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಕೀಲುನೋವು ಒಂದು ಕಡಿ ಕಮ್ಮಿ ಆಗಿ ಇನ್ನೊಂದು ಕಡಿ ಬರ್ತಿತ್ತೇನ್ರಿ?”

“ಹೌದ್ರಿ ಸಾಹೇಬ್ರ. ನಾ ತಿಕ್ಕಿದ ಕೂಡ್ಲೆ ಹೋಗಿಬಿಡ್ತಿತ್ರಿ.” ದೇವರೇ, ಆಗಲೂ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

“ನೀವು ತಿಕ್ಕಿದ್ದಕ್ಕ ಹೋಗಿಲ್ರಿ ಮಾಸ್ತರ. ಈ ರೋಗದ ರೀತಿನ ಹಂಗ, ಕೀಲಿಂದ ಕೀಲಿಗೆ ಹೋಗ್ತದ. ರುಮ್ಯಾಟಿಕ್ ಫೀವರ್. ಈಗ ಹಾರ್ಟಿಗೆ ಬಂದದ.”

ಹಾರ್ಟಿಗೆ ಬಂದದ.

“ನಾ ಓಡಿಸಿದ್ದಕ್ಕ ಬಂತೇನ್ರಿ?” ಎಂದು ಕೇಳಿದೆ.

“ಓಡಿಸಿದ್ದಕ್ಕ ಬರಂಗಿಲ್ಲ. ಗಂಟಲಬ್ಯಾನಿಯಿಂದ ಬರ್ತದ.” ಅವರು ಚೀಟಿ ಬರೆಯುತ್ತಲೇ ಹೇಳಿದರು: “ಆದ್ರ ಇದು ಬಂದ ಮ್ಯಾಲೆ ಓಡಿಸಬಾರದಿತ್ತು.”

ಮೊದಲ ಮಾತನ್ನು ಗೌರಮ್ಮ ನನಗೆ ಸಮಾಧಾನ ಹೇಳಲು ಎಂದೂ ಬಳಸಲಿಲ್ಲ. ಎರಡನೆಯದನ್ನು ನಾನು ಮರೆಯಲಿಲ್ಲ.

ಅಡ್ಮಿಟ್ ಮಾಡಿಕೊಂಡರು. ಇಸಿಜಿ, ಎಕ್ಸ್‌ರೇ, ದಿನ ಬಿಟ್ಟು ದಿನ ರಕ್ತ. ಬೆಡ್ ರೆಸ್ಟ್ ಅಂದರೆ ಬರೀ ಮಲಗುವುದಲ್ಲ, ಎದ್ದು ಕೂಡುವಂತೆಯೂ ಇರಲಿಲ್ಲ. ಗೌರಮ್ಮ ಬಾಯಿಗೆ ತುತ್ತಿಡುತ್ತಿದ್ದಳು. ಗುಳಿಗೆಯಿಂದ ಸರೋಜಾಳ ಕಿವಿಯಲ್ಲಿ ದಿನವಿಡೀ ಗುಂಯ್ ಎನ್ನುತ್ತಿತ್ತು. ಸ್ಟೀರಾಯ್ಡ್ ಶುರುವಾದ ಮೇಲೆ ಮುಖ ದುಂಡಗಾಯಿತು. ನೋಡಲು ಬಂದವರು “ಮೈ ತುಂಬ್ಯಾಳಲ್ರಿ!” ಎಂದು ಖುಷಿಪಟ್ಟರೆ ನಾನು ಎದ್ದು ವರಾಂಡಕ್ಕೆ ಹೋಗುತ್ತಿದ್ದೆ. ಗೌರಮ್ಮ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ನನ್ನ ಜೊತೆ ಮಾತು ಬಿಟ್ಟಳು. ಹೇಳುವುದಿದ್ದರೆ ಮಗಳಿಗೆ ಹೇಳುತ್ತಿದ್ದಳು: “ಆ ಮಾಸ್ತರಿಗೆ ಚಾ ಕುಡ್ಯಾಕ ಹೇಳವ್ವಾ, ಆರಾಕತ್ತದ.” ಒಂದೇ ಒಂದು ಸಲ ನೇರವಾಗಿ ನನ್ನನ್ನು ನೋಡಿ ಅಂದಳು: “ನಿಮಗ ಎರಡು ಪಾಯಿಂಟ್ ಬೇಕಾಗಿತ್ತಲ್ರಿ. ತಗೋರಿ ಈಗ.”

ಕೊರಳಿನ ವಾಚನ್ನು ಬಿಚ್ಚಿ ಚೀಲಕ್ಕೆ ಹಾಕಿದೆ. ಅದನ್ನು ಹೊರಗೆ ತೆಗೆಸಿದವರು ಡಾಕ್ಟರೇ.

“ಮಾಸ್ತರ, ವಾಚ್ ಅದ ಅಲ್ರಿ ನಿಮ್ಹತ್ರ? ದಿನಾ ನಸುಕಿನ್ಯಾಗ ಮಗಳು ಮಲಗಿದ್ದಾಗ ನಾಡಿ ಎಣಸಿ ಬರದಿಡ್ರಿ. ಎಚ್ಚರಿದ್ದಾಗ ಹೆದರಿಕಿಗೂ ಜೋರಾಗಿ ಬಡೀತದ. ನಿದ್ದಿಯಾಗಿಂದು ಖರೇ ಲೆಕ್ಕ. ಅದು ಇಳದ್ರ ಹಾರ್ಟ್ ಸುಧಾರಸಾಕತ್ತದ ಅಂತ ತಿಳೀರಿ.”

ಇಳಿಯದಿದ್ದರೆ? ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ದಿನ ನೂರಾ ಇಪ್ಪತ್ತೆಂಟು. ಮಲಗಿರುವ ಹುಡುಗಿಗೆ! ನಾನು ತಪ್ಪು ಎಣಿಸಿದೆನೆಂದು ಮತ್ತೆ ಎಣಿಸಿದೆ. ಅಷ್ಟೇ. ಮರುದಿನ ನೂರಾ ಇಪ್ಪತ್ತಾರು. ಆಮೇಲೆ ನೂರಾ ಮೂವತ್ತು. ಬೆರಳ ತುದಿಗೆ ನಾಡಿ ಸಿಗುವ ಮೊದಲು ಒಂದು ಗಳಿಗೆ ಏನೂ ಸಿಗುವುದಿಲ್ಲವಲ್ಲ, ಆ ಗಳಿಗೆಯಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸಿಕ್ಕ ಮೇಲೆ ಇನ್ನೊಂದು ಭಯ, ಇಷ್ಟು ಜೋರಾಗಿ ಬಡಿಯುತ್ತಿದೆಯಲ್ಲ ಎಂದು. ಇಪ್ಪತ್ತು ವರ್ಷ ಮೈದಾನದಲ್ಲಿ ನಿಂತು ಅಂಕಿ ಇಳಿಯಲಿ, ಅಂಕಿ ಇಳಿಯಲಿ ಎಂದು ಬೇಡಿದವನು ಇಲ್ಲೂ ಕೂತು ಅದನ್ನೇ ಬೇಡಿದೆ.

ಮೂಲೆಯ ಮಂಚದಲ್ಲಿ ದೇವದುರ್ಗದ ಕಡೆಯ ಜಾಲಹಳ್ಳಿಯ ಒಬ್ಬ ಹುಡುಗಿ ಇದ್ದಳು. ಅದೇ ಕಾಯಿಲೆ. ಒಂದು ಮಧ್ಯಾಹ್ನ ನಾನು ಊಟ ತರುವಷ್ಟರಲ್ಲಿ ಆ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಮನೆಗೆ ಹೋದಳೋ ಏನೋ. ಸಿಸ್ಟರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಮನೆಗೇ ಹೋಗಿದ್ದಾಳೆ ಎಂದು ಅಂದುಕೊಳ್ಳುತ್ತೇನೆ.

ಮೂರನೇ ವಾರ ನೂರಾ ಹದಿನೆಂಟಕ್ಕೆ ಬಂತು. ನೂರಾ ಹತ್ತಕ್ಕೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಒಂದು ನಸುಕಿನಲ್ಲಿ ಎಣಿಸಿ ಮುಗಿಸಿ ಕೈ ಬಿಡುವಾಗ ಮಗಳು ಕಣ್ಣು ಮುಚ್ಚಿಕೊಂಡೇ ಕೇಳಿದಳು:

“ಎಷ್ಟದ?”

ಬೆಚ್ಚಿಬಿದ್ದೆ. “ಎಚ್ಚರಿದ್ದೇನು?”

“ದಿನಾ ಎಚ್ಚರಾಗ್ತದ. ನೀ ಕೈ ಹಿಡದ್ರ ನಿನ್ನ ಕೈನ ನಡಗ್ತದಲ್ಲಪ್ಪಾ. ಮಲಗಿದಂಗ ಮಾಡ್ತೀನಿ. ಗಪ್ಪಗ ಇದ್ರ ಕಮ್ಮಿ ಬರ್ತದೇನೋ ಅಂತ.”

ನನ್ನ ಖರೇ ಲೆಕ್ಕದ ಪಾಡು ಇದು. ನನ್ನ ಹೆದರಿಕೆಯೇ ಅವಳನ್ನು ಎಬ್ಬಿಸುತ್ತಿತ್ತು. ಆಮೇಲೆ, ಎಷ್ಟೋ ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಕೇಳಿಯೇಬಿಟ್ಟೆ.

“ಅವತ್ತ ಗುಂಡಿ ಮೂರು ಗೇಣಿಗೆ ಯಾಕ ತೋಡಿದ್ದಿ?”

“ಮೊಣಕಾಲ ಮಡಚಾಕ ಬರ್ತಿದ್ದಿಲ್ಲ. ಮೂರು ಗೇಣಿಗಾದ್ರ ಹೆಂಗರ ಕೂಡಬಹುದಿತ್ತು.”

“ನನಗ ಹೇಳಬಾರದಾಗಿತ್ತೇನ ಯವ್ವಾ?”

ಅವಳು ಕಣ್ಣು ತೆರೆದಳು. ಸಿಟ್ಟೇನೂ ಇರಲಿಲ್ಲ. “ಹೇಳಿದ್ರ ನಂಬ್ತಿದ್ದೇನು?”

ಬಾಗಿಲ ಹತ್ತಿರ ಚಾ ಹಿಡಿದು ನಿಂತಿದ್ದ ಗೌರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಲೋಟವನ್ನು ನನ್ನ ಕೈಗೇ ಕೊಟ್ಟಳು. “ಕುಡೀರಿ,” ಎಂದಳು. ಅಂದಿನಿಂದ ನಾಡಿ ಎಣಿಸುವ ಕೆಲಸ ಅವಳದಾಯಿತು. ಅವಳ ಕೈ ನಡುಗುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ತೊಂಬತ್ತಾರಕ್ಕೆ ಇಳಿಯಿತು. ಔಷಧಿಯಿಂದ ಇಳಿಯಿತೋ, ನಾನು ಕೈ ಬಿಟ್ಟಿದ್ದರಿಂದ ಇಳಿಯಿತೋ, ಡಾಕ್ಟರಿಗೇ ಬಿಡುತ್ತೇನೆ.

ಎರಡೂವರೆ ತಿಂಗಳಿಗೆ ಮನೆಗೆ ಬಂದೆವು. ಜಿಲ್ಲಾ ಕೂಟ ಎಂದೋ ಮುಗಿದಿತ್ತು. ದಾಖಲೆ ಇದ್ದಲ್ಲೇ ಇತ್ತು. ನಾನು ದೇವದುರ್ಗಕ್ಕೆ ವರ್ಗ ಮಾಡಿಸಿಕೊಂಡೆ. ಮಾನ್ವಿಯ ಆ ಮೈದಾನಕ್ಕೆ ದಿನಾ ಹೋಗುವ ಶಕ್ತಿ ನನಗಿರಲಿಲ್ಲ.

ಹೃದಯದ ಒಂದು ವಾಲ್ವ್ ತುಸು ಸೋರುತ್ತದೆ. ಓದಬಹುದು, ನಡೆಯಬಹುದು, ಓಡುವಂತಿಲ್ಲ. ಮತ್ತೊಮ್ಮೆ ಗಂಟಲಬೇನೆ ಬಂದು ಹಾರ್ಟಿಗೆ ಇಳಿಯಬಾರದೆಂದು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಹಿಟ್ಟಿನಂಥ ಮಂದ ಔಷಧಿ, ದಪ್ಪ ಸೂಜಿ. ಎರಡು ದಿನ ಕುಂಟುತ್ತಾಳೆ. ಹತ್ತೊಂಬತ್ತನೇ ದಿನದಿಂದಲೇ ನನಗೆ ಚಡಪಡಿಕೆ: ದವಾಖಾನೆಯಲ್ಲಿ ಔಷಧಿ ಇದೆಯೋ, ಸಿಸ್ಟರ್ ರಜೆ ಹಾಕಿದ್ದಾರೋ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಟಾರ್ಚ್ ಹಿಡಿದು ಮಗಳ ಬಾಯಿ ತೆಗೆಸುತ್ತೇನೆ. “ಕೆಮ್ಮಿದಾಕಿ ಅವ್ವ. ಅಕಿ ಗಂಟಲ ನೋಡು ಹೋಗು!” ಎಂದು ಬೈಸಿಕೊಳ್ಳುತ್ತೇನೆ.

ಹೋದ ವಾರ ಸಂಜೆ ಅವಳು ನನ್ನ ಜೊತೆ ದೇವದುರ್ಗದ ಶಾಲೆಯ ಮೈದಾನಕ್ಕೆ ಬಂದಳು. ಹತ್ತು ತಿಂಗಳ ಮೇಲೆ ಮೊದಲ ಸಲ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಕುರ್ಪಿ ಕೇಳಿದಳು.

“ಯಾಕ?”

“ಕೊಡಪ್ಪಾ. ನುಂಗಂಗಿಲ್ಲ.”

ಗೆರೆಯ ಹಿಂದೆ ಎರಡು ಗುಂಡಿ ತೋಡಿ, ಕಾಲೂರಿ, ಕೈ ನೆಲಕ್ಕಿಟ್ಟು ಕೂತಳು. “ಆ ಕಡಿ ಹೋಗಿ ನಿಂದ್ರು. ಚಪ್ಪಾಳಿ ಹೊಡಿ.”

“ಓಡಂಗಿಲ್ಲ! ನನ್ನ ಮ್ಯಾಲೆ ಆಣಿ ಮಾಡು!”

“ಓಡಂಗಿಲ್ಲ ಯಪ್ಪಾ, ನಡೀತೀನಿ. ನಿನ್ನಾಣಿ.”

ನೂರು ಮೀಟರ್ ಆಚೆ ಹೋಗಿ ನಿಂತು ಚಪ್ಪಾಳೆ ತಟ್ಟಿದೆ. “ಕೇಳಸಲಿಲ್ಲ!” ಎಂದು ಕೂಗಿದಳು. ಮತ್ತೆ ತಟ್ಟಿದೆ. ಎದ್ದಳು, ನಡೆದಳು. ಐವತ್ತು ಮೀಟರಿನ ಹತ್ತಿರ ಅವಳ ಹೆಜ್ಜೆ ಜೋರಾದಂತೆ ಕಂಡಿತು. ಅರವತ್ತು. ಅವಳು ಅವತ್ತು ಕೂತಿದ್ದ ಜಾಗದಷ್ಟು ದೂರ. ಕಣ್ಣು ಮುಚ್ಚಿಕೊಂಡುಬಿಟ್ಟೆ. ತೆರೆದಾಗ ಅವಳು ಎದುರಿಗಿದ್ದಳು, ಹಣೆಯಲ್ಲಿ ಸಣ್ಣ ಬೆವರು.

ನಾಡಿಗೆ ಕೈ ಚಾಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಮಣಿಕಟ್ಟನ್ನೇ ಹಿಡಿದಳು. ಕೊರಳಿನ ವಾಚನ್ನು ತಾನೇ ಒತ್ತಿ, ತುಟಿ ಅಲುಗಿಸುತ್ತ ಎಣಿಸಿದಳು.

“ಯಪ್ಪಾ! ನಾ ನಡದು ಬಂದೀನಿ. ಓಡಿದಾಂವ ನೀನ ನೋಡು!”

ನಕ್ಕಳು. ನಾನೂ ನಕ್ಕೆ. ಕಣ್ಣಲ್ಲಿ ನೀರೂ ಬಂತು, ಮುಚ್ಚಿಡುವುದೇನಿದೆ? ಭಯ ಹೋಗಿಲ್ಲ. ಮುಂದಿನ ಇಂಜೆಕ್ಷನ್ನಿಗೆ ಇನ್ನು ಐದು ದಿನ. ಆದರೂ ಅವಳು ನನ್ನೆದುರು ನಿಂತು ನನ್ನನ್ನು ಆಡಿಕೊಂಡು ನಗುತ್ತಿದ್ದಳು. ಅಷ್ಟು ಕೊಟ್ಟವರಿಗೆ, ಡಾಕ್ಟರಿಗೆ, ಎಲ್ಲಮ್ಮನಿಗೆ, ನಡುಗದ ಗೌರಮ್ಮನ ಕೈಗೆ, ಕೈ ಮುಗಿಯುತ್ತೇನೆ.

ಗುಂಡಿ ಮುಚ್ಚಲು ಅವಳು ಹೊರಟಳು. ನೀನು ಕೂಡು, ನಾನು ಮುಚ್ಚುತ್ತೇನೆ ಎಂದು ಹೋದೆ. ಮಣ್ಣು ಎಳೆಯುವ ಮೊದಲು ಗೆರೆಯಿಂದ ಗೇಣು ಹಾಕಿ ನೋಡಿದೆ. ಒಂದು, ಎರಡು, ಮೂರು. ಬೆರಳಗಲವೂ ಹೆಚ್ಚುಕಡಿಮೆ ಇರಲಿಲ್ಲ. ಮಗಳು ಸರಿಯಾಗಿಯೇ ತೋಡಿದ್ದಳು.