ನೀಲಿ ಕುರ್ತಾದ ಐದು ಗೆರೆ

ನನ್ನ ಅಕ್ಕನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿಲ್ಲ, ಹೊಲಿಗೆ ಮೆಷಿನ್ನಿನ ಸದ್ದು ಕೇಳಿದರೆ ಸಾಕು. ಅವತ್ತು ಆಸ್ಪತ್ರೆಯಿಂದ ಬಂದವಳೇ ಅಂಗಡಿಯ ಮೂಲೆಯಲ್ಲಿ ಕೂತು ಯಾರದೋ ದಿಂಬಿನ ಕವರುಗಳನ್ನು ಹೊಲಿದ ರಭಸಕ್ಕೆ ಪಕ್ಕದ ಬೀಗ ರಿಪೇರಿಯವನು ಇಣುಕಿ ನೋಡಿ, ಏನೂ ಕೇಳದೆ ವಾಪಸ್ ಹೋದ. ಬುದ್ಧಿವಂತ.

ವಿಷಯ ಇಷ್ಟು. ನನ್ನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಉಳಿದ ದಿನ ಅಕ್ಕನ ಟೈಲರಿಂಗ್ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುವುದು, ಬಂದವರ ಮೇಲೆಲ್ಲಾ ರೇಗುವುದು, ಇದು ನನ್ನ ಬದುಕಾಗಿತ್ತು. ಅಕ್ಕ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದು ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡಳು. ರಕ್ತ ಹೊಂದಿತು, ಎಲ್ಲವೂ ಹೊಂದಿತು. ಕೊನೆಯಲ್ಲಿ ಡಾಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಇಷ್ಟು ತೂಕ ಇಟ್ಕೊಂಡು ಆಪರೇಷನ್ ಮಾಡಿದ್ರೆ ನಿಮಗೇ ಅಪಾಯ. ಹದಿನೈದು ಕೆಜಿ ಇಳಿಸಿ ಬನ್ನಿ" ಎಂದರು. ನನ್ನ ಕಡೆ ತಿರುಗಿ, "ತುಂಬಾ ದಿನ ಮುಂದಕ್ಕೆ ತಳ್ಳಬೇಡಿ" ಎಂದೂ ಸೇರಿಸಿದರು.

"ತಮ್ಮನ ಜೀವ ನನ್ನ ಹೊಟ್ಟೆ ಮೇಲೆ ನಿಂತಿದೆ ಅಂದಂಗಾಯ್ತಲ್ಲೋ!" ಎಂದು ಅಕ್ಕ ಮೆಷಿನ್ ನಿಲ್ಲಿಸಿ ನಕ್ಕಳು. ಆಮೇಲೆ ಮತ್ತೆ ತುಳಿದಳು.

ಮರುದಿನ ನೀಲಿ ಬಟ್ಟೆ ಕತ್ತರಿಸಿ, ತನ್ನ ಮೈಗೆ ಸರಿಯಾಗಿ ಒಂದು ಕುರ್ತಾ ಹೊಲಿದುಕೊಂಡಳು. ಅದರ ಒಳಮೈಯಲ್ಲಿ, ಎರಡೂ ಪಕ್ಕದ ಹೊಲಿಗೆಯಿಂದ ಒಳಕ್ಕೆ, ಒಂದರ ಪಕ್ಕ ಒಂದರಂತೆ ಚಾಕ್‌ನಲ್ಲಿ ಐದು ಗೆರೆ ಎಳೆದಳು. ಮೈ ಇಳಿದಂತೆಲ್ಲ ಮುಂದಿನ ಗೆರೆಯ ಮೇಲೆ ಹೊಲಿಗೆ ಹಾಕಬೇಕು. ಅದನ್ನು ತೊಟ್ಟು ಉಸಿರು ಕಟ್ಟದೆ ಮೆಷಿನ್ ಮುಂದೆ ಕೂರಲು ಆದರೆ ಆ ಗೆರೆ ಗೆದ್ದಂತೆ.

"ಹದಿನೈದು ಕೆಜಿ ಅಂತ ಯೋಚ್ನೆ ಮಾಡಿದ್ರೆ ಕೈಕಾಲೇ ಬಿದ್ದೋಗುತ್ತೆ ಕಣೋ. ಒಂದು ಗೆರೆ ಅಂದ್ರೆ ನನ್ನ ಕೈಲಾಗುತ್ತೆ."

"ತೂಕದ ಯಂತ್ರ ತರ್ಲಾ?" ಅಂದೆ.

"ಬೇಡ. ಅದರ ಮುಖ ನೋಡಿದ್ರೇ ನಂಗಾಗಲ್ಲ. ಬಟ್ಟೆ ಸುಳ್ಳು ಹೇಳಲ್ಲ."

ಚಹಾಕ್ಕೆ ಸಕ್ಕರೆ ನಿಂತಿತು. ತಟ್ಟೆಯಲ್ಲಿ ಅನ್ನದ ಗುಡ್ಡ ತಗ್ಗಿತು. ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಬಾವನದಾಗಿತ್ತು. ಅದನ್ನು ಕಿತ್ತುಕೊಂಡು ತಾನೇ ಮಹಡಿ ಮಹಡಿ ಹತ್ತಿ ಇಳಿದಳು. ಮೊದಲ ಗೆರೆ ಗೆದ್ದ ದಿನ ಸಂಭ್ರಮ ತಡೆಯಲಾರದೆ ಬೇಕರಿಯಿಂದ ಕೇಕ್ ತರಿಸಿ, ಮುಕ್ಕಾಲು ಪಾಲು ತಾನೇ ತಿಂದಳು. ವಾರದಲ್ಲಿ ಕುರ್ತಾ ಮತ್ತೆ ಬಿಗಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಬೈಸಿಕೊಂಡೆ.

ಅಲ್ಲಿಂದ ಮುಂದೆ ಗೆರೆಯ ಹಬ್ಬಕ್ಕೆ ತಿಂಡಿ ಇಲ್ಲ ಎಂದು ತೀರ್ಮಾನವಾಯಿತು. ಬದಲಿಗೆ, ಗೆರೆ ಗೆದ್ದ ದಿನ ಅರ್ಧ ಶಟರ್ ಇಳಿಸಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಅಕ್ಕ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು. ಬಾವ ಕೊರಳಿಗೆ ಟೇಪ್ ಹಾಕಿಕೊಂಡು, "ಏನ್ ಹೊಲೀಬೇಕು ಮೇಡಂ?" ಎಂದು ಕೈಕಟ್ಟಿ ನಿಲ್ಲಬೇಕು. ಗುಂಡಿ ತೂರುವ ಕಾಜಾ ತೆಗೆದು ಇಸ್ತ್ರಿ ಹಾಕುವುದು ಬಿಟ್ಟು ಬೇರೆ ಹೊಲಿಗೆಯನ್ನು ಅವರಿಗೆ ಯಾರೂ ಒಪ್ಪಿಸುವುದಿಲ್ಲ. ಅಕ್ಕ ಏನು ಕೇಳಿದರೂ ಅವತ್ತು ಅವರೇ ಹೊಲಿಯಬೇಕು. ಹಾಗೆ ಹುಟ್ಟಿದ ಒಂದು ಚೀಲಕ್ಕೆ ಬಾಯಿ ಎಲ್ಲಿದೆಯೆಂದು ನಾವು ಮೂವರೂ ಹುಡುಕಿದ್ದುಂಟು. ಡಯಾಲಿಸಿಸ್ ಮುಗಿಸಿ ಹಿಂಡಿದ ಬಟ್ಟೆಯಂತಾಗಿ ಬರುತ್ತಿದ್ದ ನಾನು ಆ ದಿನಗಳಲ್ಲಿ ನಕ್ಕ ನಗುವೇ ನನ್ನನ್ನು ಉಳಿಸಿತು ಎಂದರೆ ತಪ್ಪಿಲ್ಲ.

ಎರಡು, ಮೂರು, ನಾಲ್ಕು. ಐದನೆಯ ಗೆರೆಯೂ ಗೆದ್ದ ದಿನ ಅಕ್ಕ ಕುರ್ತಾ ತೊಟ್ಟು ಗೆದ್ದ ಪೈಲ್ವಾನನಂತೆ ಆಸ್ಪತ್ರೆಗೆ ನಡೆದಳು. ನಾನೂ ಬಾವನೂ ಹಿಂದೆ. ಡಾಕ್ಟರಮ್ಮ ಯಂತ್ರ ನೋಡಿದರು, ಇನ್ನೊಮ್ಮೆ ನಿಲ್ಲಿಸಿ ನೋಡಿದರು.

"ಒಂಬತ್ತು ಕೆಜಿ ಇಳಿದಿದೆ. ಇನ್ನೂ ಆರು ಇಳೀಬೇಕು."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅಕ್ಕ ಕುರ್ತಾದ ಅಂಚನ್ನು ತಿರುಗಿಸಿ ಹೊಲಿಗೆ ಎಷ್ಟು ಒಳಕ್ಕೆ ಬಂದಿದೆಯೆಂದು ಬೆರಳಿಂದ ಅಳೆದಳು. ಮತ್ತೆ ಅಳೆದಳು. ನಿಧಾನವಾಗಿ ತಲೆ ಎತ್ತಿ ಬಾವನನ್ನು ನೋಡಿದಳು.

ಬಾವ ಬೆವರುತ್ತಿದ್ದರು. "ಮೊದಲ್ನೇ ಸಲ ಬೇಕೂಂತ ಮಾಡಿದ್ದಲ್ಲ ಕಣೇ. ಇಸ್ತ್ರಿ ಹಾಕೋವಾಗ ಬಿಸಿಗೆ ಚಾಕ್ ಗೆರೆ ಎಲ್ಲಾ ಅಳಿಸಿಹೋಯ್ತು. ನೀನು ಬೈತೀಯ ಅಂತ ಅಂದಾಜಿಗೆ ಎಳೆದೆ. ಸ್ವಲ್ಪ ಆಚೆಗೆ, ಸಡಿಲಕ್ಕೆ ಬಿತ್ತು. ಅವತ್ತು ಕುರ್ತಾ ಮೈಗೆ ಸರಿಯಾಯ್ತು ಅಂತ ನೀನು ಕುಣಿದೆ ನೋಡು... ಆಮೇಲೆ ಪ್ರತಿ ಸಲ ಇಸ್ತ್ರಿ ಹಾಕ್ದಾಗಲೂ ಕೂದಲೆಳೆಯಷ್ಟು ಆಚೆ ಎಳೀತಾ ಬಂದೆ."

ಇಪ್ಪತ್ತು ವರ್ಷ ಜನರ ಮೈ ಅಳೆದವಳಿಗೆ ಗಂಡನೇ ಅಳತೆ ತಪ್ಪಿಸಿದ್ದ. ಆ ವಾರವೆಲ್ಲಾ, "ನಿಮ್ಮ ಬಾವಂಗೆ ಹೇಳು, ಊಟಕ್ಕೆ ಬರ್ಬೇಕಂತೆ" ಎಂದು ನನ್ನ ಮೂಲಕವೇ ಸುದ್ದಿ ಹೋಗುತ್ತಿತ್ತು. ಬಾವ ಎದುರಿಗೇ ಕೂತಿರುತ್ತಿದ್ದರು.

ನನಗೂ ಸಾಕಾಗಿತ್ತು. ಅವಳ ಕಾಲು ಬಾತಿದ್ದು ನೋಡಿ, "ಬಿಡೇ ಅಕ್ಕಾ. ಆಗಿದ್ದಾಗ್ಲಿ. ನನ್ನ ಹಣೆಬರಹ" ಎಂದುಬಿಟ್ಟೆ.

ಕತ್ತರಿ ಮೇಜಿನ ಮೇಲೆ ಬಿತ್ತು. "ಏನಂದೆ? ಒಂಬತ್ತು ಕೆಜಿ ಇಳಿದಿದ್ದು ಸುಳ್ಳೇನೋ? ಗೆರೆ ಆಚೆ ಇತ್ತೋ ಈಚೆ ಇತ್ತೋ, ಆ ಮೆಟ್ಟಿಲು ಹತ್ತಿದ್ದು ನನ್ನ ಕಾಲು ತಾನೇ? ಡಾಕ್ಟರಮ್ಮ ಇನ್ನೂ ಆರು ಅಂದಿದ್ದು ನಿಂಗೆ ಕೇಳಿಸ್ತು, ಒಂಬತ್ತು ಅಂದಿದ್ದು ಕೇಳಿಸ್ಲಿಲ್ವಾ?"

ಅವತ್ತೇ ಅರ್ಧ ಶಟರ್ ಇಳಿಯಿತು. ಒಂಬತ್ತು ಕೆಜಿಯ ಹಬ್ಬ. ಬಾವ ಹೆದರುತ್ತಲೇ ಟೇಪ್ ಕೊರಳಿಗೆ ಹಾಕಿಕೊಂಡರು. "ಏನ್ ಹೊಲೀಬೇಕು ಮೇಡಂ?"

"ನಿಮ್ಮ ಬಾಯಿ" ಎಂದಳು ಅಕ್ಕ. ವಾರದ ಮೇಲೆ ಅವರೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಬಾವನ ಕಣ್ಣಲ್ಲಿ ನೀರು ಬಂತು, ನಗುತ್ತಲೇ ಒರೆಸಿಕೊಂಡರು.

ಈ ಸಲ ಅಕ್ಕ ಚಾಕ್ ಮುಟ್ಟಲಿಲ್ಲ. ಇಸ್ತ್ರಿಗೆ ಅಳಿಯದಂತೆ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಎರಡು ಗೆರೆ ಗುರುತು ಮಾಡಿದಳು. ತೂಕದ ಯಂತ್ರವನ್ನೂ ತರಿಸಿ, ಮೂತಿ ತಿರುಗಿಸಿಕೊಂಡೇ ಹತ್ತಿ ಇಳಿದಳು. ಬಾವ ಶಿಕ್ಷೆಯೆಂದು ತಾವಾಗಿಯೇ ದಿನಾ ಅವಳ ಜೊತೆ ನಡೆಯತೊಡಗಿದರು. ಇಳಿಯುವುದಕ್ಕೆ ಮೈಯಲ್ಲಿ ಏನೂ ಇಲ್ಲದ ಆ ಮನುಷ್ಯ ಅಕ್ಕನಿಗಿಂತ ಮುಂಚೆ ಸೊರಗಿದರು. ಆರು ಕೆಜಿ ಸತಾಯಿಸಿ ಸತಾಯಿಸಿ ಇಳಿಯಿತು. ಡಾಕ್ಟರಮ್ಮ ದಿನ ಗೊತ್ತು ಮಾಡಿದರು.

ಆಪರೇಷನ್ ಆದ ಮರುದಿನ ನನಗೆ ಸರಿಯಾಗಿ ಎಚ್ಚರವಾಯಿತು. ಮಂಚದ ಪಕ್ಕದಲ್ಲಿ ನೇತುಹಾಕಿದ್ದ ಚೀಲದಲ್ಲಿ ಮೂತ್ರ ತುಂಬುತ್ತಿತ್ತು. ಮೂತ್ರ ಬರುವುದೇ ನಿಂತು ವರ್ಷವಾಗಿದ್ದ ನನಗೆ ಅದನ್ನು ನೋಡಿ ನೋಡಿ ಸಾಕಾಗಲಿಲ್ಲ. ಸಂಜೆ ಬಾವ ಗಾಲಿಕುರ್ಚಿಯಲ್ಲಿ ಅಕ್ಕನನ್ನು ತಳ್ಳಿಕೊಂಡು ಬಂದರು. ಬಗ್ಗಬಾರದು ಎಂದು ನರ್ಸ್ ಕೂಗುತ್ತಿದ್ದರೂ ಅವಳು ಕತ್ತು ಚಾಚಿ ಚೀಲ ನೋಡಿದಳು.

"ಅದು ನನ್ನ ಕಿಡ್ನಿದಾ?"

"ಹೌದಮ್ಮಾ" ಎಂದು ನರ್ಸ್ ನಕ್ಕರು.

"ನೋಡಿ, ಬಂದ ಮನೇಲಿ ಬೆಳಗಾಗೋದ್ರೊಳಗೆ ಕೆಲಸ ಶುರು ಹಚ್ಕೊಂಡಿದೆ."

"ಅಕ್ಕಾ..." ಅಂದೆ. ಈ ಜೀವ ಇರುವವರೆಗೂ ಅವಳ ಋಣ ನನ್ನ ಮೇಲಿದೆ, ಅದು ತೀರದೆ ಹಾಗೇ ಇರಲಿ ಎಂದೇ ನನ್ನ ಆಸೆ.

ಅವಳು ನನ್ನ ಎಡಗೈ ಎತ್ತಿಕೊಂಡಳು. ಡಯಾಲಿಸಿಸ್ ಸೂಜಿಗಳು ಚುಚ್ಚಿ ಚುಚ್ಚಿ ಗಂಟುಗಂಟಾಗಿದ್ದ ಜಾಗದ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಇನ್ಮೇಲೆ ಇಲ್ಲಿ ಚುಚ್ಚೋದು ಬೇಡ ಅಲ್ವಾ?" ಎಂದು ನರ್ಸನ್ನು ಕೇಳಿದಳು.

"ಬೇಡಮ್ಮಾ."

"ಬೇಡ್ವಂತೆ ಕಣೋ" ಎಂದಳು ನನಗೆ, ನನಗೆ ಕೇಳಿಸಿಯೇ ಇಲ್ಲವೇನೋ ಎಂಬಂತೆ. ಅಷ್ಟು ಹೇಳಿ ಅತ್ತಳು. ಆ ಇಡೀ ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.